ಐಸಿಡಿ ರಿಕಾಲ್ ಆಗಿದೆ ಅಂತ ಫೋನ್ ಬಂದಿದೆ, ಅಪ್ಪಯ್ಯನ ಎದೆಯಿಂದ ತೆಗೆಸಬೇಕಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲೂಕಿನ ಹಳ್ಳಿ. ಅಪ್ಪಯ್ಯನಿಗೆ 66 ವರ್ಷ. ಹಾರ್ಟ್ ಅಟ್ಯಾಕ್ ಆದಮೇಲೆ ಹೃದಯದ ಪಂಪಿಂಗ್ 30 ಪರ್ಸೆಂಟ್‌ಗೆ ಇಳಿದಿತ್ತು. 4 ವರ್ಷದ ಹಿಂದೆ ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ಐಸಿಡಿ, ಅಂದರೆ ಹೃದಯದ ಬಡಿತ ಅಡ್ಡಾದಿಡ್ಡಿ ಆದಾಗ ಶಾಕ್ ಕೊಟ್ಟು ಸರಿಮಾಡುವ ಸಣ್ಣ ಪೆಟ್ಟಿಗೆ, ಎದೆಯ ಚರ್ಮದ ಕೆಳಗೆ ಹಾಕಿದರು. ಇದುವರೆಗೆ ಒಂದೂ ಶಾಕ್ ಹೊಡೆದಿಲ್ಲ. ಹೋದ ವಾರ ಆಸ್ಪತ್ರೆಯಿಂದ ಫೋನ್ ಬಂತು. ಅದೇ ಮಾದರಿಯ ಕೆಲವು ಐಸಿಡಿಗಳಲ್ಲಿ ಬ್ಯಾಟರಿ ಅವಧಿಗೆ ಮುಂಚೆ ಖಾಲಿಯಾಗಬಹುದು, ಕಂಪನಿ ರಿಕಾಲ್ ಮಾಡಿದೆ, 3 ತಿಂಗಳಿಗೊಮ್ಮೆ ಚೆಕಪ್‌ಗೆ ಬನ್ನಿ ಅಂದರು. ಬೆಂಗಳೂರಿನಲ್ಲಿರುವ ತಮ್ಮ, ಕಾಯೋದು ಯಾಕೆ, ಈಗಲೇ ತೆಗೆಸಿ ಹೊಸದು ಹಾಕಿಸೋಣ ಅಂತಾನೆ. ಅಪ್ಪಯ್ಯ ಅಡಿಕೆ ಕೊಯ್ಲು ಮುಗಿಯಲಿ ಅಂತಾರೆ. ಅಮ್ಮನಿಗೆ ನಿದ್ದೆಯೇ ಇಲ್ಲ. ಏನು ಮಾಡೋದು?

ಉತ್ತರ: ಮೊದಲು ಅಮ್ಮನಿಗೆ ಒಂದು ಮಾತು ಹೇಳಿ. ನಿಮ್ಮ ತಂದೆಯವರ ಐಸಿಡಿ ಕೆಟ್ಟಿದೆ ಅಂತ ಯಾರೂ ಹೇಳಿಲ್ಲ. ಅದೇ ಥರದ್ದರಲ್ಲಿ ಕೆಲವು ಕೆಟ್ಟಿವೆ, ಇದನ್ನೂ ಹತ್ತಿರದಿಂದ ನೋಡುತ್ತಿರಬೇಕು ಅಂತ ಹೇಳಿದ್ದಾರೆ, ಅಷ್ಟೇ. ಈ ಎರಡರ ನಡುವೆ ಬಹಳ ವ್ಯತ್ಯಾಸ ಇದೆ. ನಿಮ್ಮ ತಮ್ಮ ಅಪ್ಪನ ಮೇಲಿನ ಕಾಳಜಿಯಿಂದಲೇ ಹೇಳುತ್ತಿದ್ದಾರೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಅವರು ಒಂದೇ ಕಡೆಯ ಅಪಾಯ ನೋಡುತ್ತಿದ್ದಾರೆ. ಐಸಿಡಿ ಕೈಕೊಡುವ ಅಪಾಯ ಒಂದು ಕಡೆ, ಎದೆಯ ಚರ್ಮ ಮತ್ತೆ ಬಿಚ್ಚಿ ಅದನ್ನು ಬದಲಾಯಿಸುವ ಅಪಾಯ ಇನ್ನೊಂದು ಕಡೆ. ನೀವು ಬರೆದ ವಿವರ ನೋಡಿದರೆ, ಈಗಿನ ಮಟ್ಟಿಗೆ ಎರಡನೆಯದೇ ಜಾಸ್ತಿ ಅನ್ನೋದು ನನ್ನ ಅಭಿಪ್ರಾಯ. ಆದರೆ ಒಂದೆರಡು ವಿಷಯ ನೀವು ಬರೆದಿಲ್ಲ. ಅವು ಈ ಲೆಕ್ಕವನ್ನೇ ತಿರುಗಿಸಬಹುದು, ಅದನ್ನು ಮುಂದೆ ಹೇಳುತ್ತೇನೆ.

ಬದಲಾಯಿಸೋದು ಅಂದರೆ ಏನು ಅಂತ ಸ್ವಲ್ಪ ವಿವರವಾಗಿ ಹೇಳಬೇಕು. "ಬ್ಯಾಟರಿ ಚೇಂಜ್" ಅಂದ ಕೂಡಲೇ ತುಂಬಾ ಜನ ಅದು ಅರ್ಧ ಗಂಟೆಯ ಸಣ್ಣ ಕೆಲಸ ಅಂತ ಭಾವಿಸುತ್ತಾರೆ. ಕೆಲಸವೇನೋ ದೊಡ್ಡದಲ್ಲ. ಕತ್ತಿನ ಬುಡದಿಂದ ಭುಜಕ್ಕೆ ಹೋಗುವ ಮೂಳೆಯ (ಕಾಲರ್ ಬೋನ್) ಕೆಳಗೆ, ಹಳೆಯ ಗಾಯದ ಗುರುತಿನ ಹತ್ತಿರವೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಕೊಯ್ಯುತ್ತಾರೆ. 4 ವರ್ಷದಲ್ಲಿ ದೇಹ ಆ ಪೆಟ್ಟಿಗೆಯ ಸುತ್ತ ಗಟ್ಟಿಯಾದ ಬಿಳಿ ಚೀಲದಂಥ ಪೊರೆ ಕಟ್ಟಿಕೊಂಡಿರುತ್ತದೆ. ಅದನ್ನು ಕತ್ತರಿಸಿ ಪೆಟ್ಟಿಗೆಯನ್ನು ಹೊರಗೆ ತೆಗೆಯಬೇಕು. ಹೃದಯಕ್ಕೆ ಹೋಗುವ ವೈರ್‌ಗಳು, ನಾವು ಲೀಡ್ ಅನ್ನುತ್ತೇವೆ, ಅದೇ ಪೊರೆಯೊಳಗೆ ಸುರುಳಿ ಸುತ್ತಿಕೊಂಡು ಅಂಟಿಕೊಂಡಿರುತ್ತವೆ. ಚಾಕು ತಾಗಿ ಅವುಗಳ ಹೊದಿಕೆ ಹರಿಯಬಾರದು. ಸಣ್ಣ ಸ್ಕ್ರೂ ಸಡಿಲಿಸಿ ಲೀಡ್‌ಗಳನ್ನು ಹಳೆಯದರಿಂದ ಬಿಡಿಸಿ ಹೊಸದಕ್ಕೆ ಸಿಕ್ಕಿಸಬೇಕು. ಸ್ಕ್ರೂ ಸಡಿಲವಾಗಿ ಉಳಿದರೆ ಮುಂದೆ ಸುಮ್ಮಸುಮ್ಮನೆ ಶಾಕ್ ಹೊಡೆಯಬಹುದು, ಅಥವಾ ಬೇಕಾದಾಗ ಹೊಡೆಯದೇ ಇರಬಹುದು. ಹೃದಯ ಪೂರ್ತಿ ಯಂತ್ರದ ಮೇಲೆಯೇ ನಡೆಯುತ್ತಿರುವವರಿಗೆ ಈ ಬಿಡಿಸಿ ಸಿಕ್ಕಿಸುವ ಕೆಲವು ಕ್ಷಣಗಳೂ ಅಪಾಯವೇ, ಅದಕ್ಕೆ ಬೇರೆ ಏರ್ಪಾಡು ಮಾಡಿಕೊಂಡೇ ಶುರು ಮಾಡಬೇಕಾಗುತ್ತದೆ.

ಇವೆಲ್ಲ ಅನುಭವಿ ಕೈಯಲ್ಲಿ ಅಪರೂಪ. ನನಗೆ ನಿಜವಾಗಿ ಭಯ ಇರೋದು ಇನ್‌ಫೆಕ್ಷನ್ ಬಗ್ಗೆ. ಆ ಗಟ್ಟಿ ಪೊರೆಯಲ್ಲಿ ರಕ್ತದ ಓಡಾಟ ಕಡಿಮೆ. ರಕ್ತ ಹೋಗದ ಜಾಗಕ್ಕೆ ಆಂಟಿಬಯೋಟಿಕ್ಕೂ ಸರಿಯಾಗಿ ಹೋಗುವುದಿಲ್ಲ. ಅದಕ್ಕೇ ಮೊದಲ ಸಲ ಹಾಕುವಾಗ ಇರುವುದಕ್ಕಿಂತ ಬದಲಾಯಿಸುವಾಗ ಇನ್‌ಫೆಕ್ಷನ್ ಆಗುವ ಸಾಧ್ಯತೆ ಜಾಸ್ತಿ. ಒಮ್ಮೆ ರೋಗಾಣು ಒಳಗೆ ಸೇರಿತು ಅಂದರೆ, ಮಳೆಗಾಲದಲ್ಲಿ ಅಂಗಳದ ಕಲ್ಲಿಗೆ ಹಾವಸೆ ಹಿಡಿದ ಹಾಗೆ ಪೆಟ್ಟಿಗೆಗೂ ಲೀಡಿಗೂ ಹಿಡಿದು ಕೂರುತ್ತದೆ. ಮಾತ್ರೆಗೆ ಇಂಜೆಕ್ಷನ್‌ಗೆ ಬಗ್ಗುವುದಿಲ್ಲ. ಆಗ ಪೆಟ್ಟಿಗೆ ಮಾತ್ರ ತೆಗೆದರೆ ಸಾಲದು, ವರ್ಷಗಟ್ಟಲೆ ರಕ್ತನಾಳಕ್ಕೂ ಹೃದಯದ ಗೋಡೆಗೂ ಅಂಟಿಕೊಂಡಿರುವ ಲೀಡ್‌ಗಳನ್ನೂ ಎಳೆದು ತೆಗೆಯಬೇಕು. ಹಾಗೆ ತೆಗೆಯುವಾಗ ನಾಳ ಅಥವಾ ಹೃದಯವೇ ಹರಿಯುವ ಅಪಾಯ ಇದೆ. ಎದೆ ತೆರೆದು ಆಪರೇಷನ್ ಮಾಡುವ ತಂಡ ಪಕ್ಕದಲ್ಲೇ ಸಿದ್ಧವಿರುವ ದೊಡ್ಡ ಆಸ್ಪತ್ರೆಯಲ್ಲಿ ಮಾತ್ರ ಮಾಡಬಹುದಾದ ಕೆಲಸ ಅದು.

ಇದನ್ನು ಹೆದರಿಸಲು ಹೇಳುತ್ತಿಲ್ಲ, ಲೆಕ್ಕ ಇದೆ. 2005ರಲ್ಲಿ ಒಂದರ ಹಿಂದೆ ಒಂದು ಐಸಿಡಿ ರಿಕಾಲ್ ಬಂದಾಗ ಕೆನಡಾದ 17 ಆಸ್ಪತ್ರೆಗಳ ವೈದ್ಯರು ಸೇರಿ ಏನಾಯಿತು ಅಂತ ಎಣಿಸಿದರು. ಎಚ್ಚರಿಕೆಯ ಪಟ್ಟಿಯಲ್ಲಿದ್ದ ಐಸಿಡಿ ಹಾಕಿಸಿಕೊಂಡವರು 2,915 ಜನ. ಅವರಲ್ಲಿ 533 ಜನ ಮುನ್ನೆಚ್ಚರಿಕೆಗೆ ಅಂತ ಬದಲಾಯಿಸಿಕೊಂಡರು. ಬದಲಾಯಿಸಿಕೊಂಡವರಲ್ಲಿ 43 ಜನಕ್ಕೆ ತೊಂದರೆ ಆಯಿತು, ಅಂದರೆ ನೂರಕ್ಕೆ 8 ಜನ. 31 ಜನಕ್ಕೆ ಮತ್ತೆ ಆಪರೇಷನ್ ಬೇಕಾಯಿತು. ಇನ್‌ಫೆಕ್ಷನ್ ಆಗಿ ಎಲ್ಲ ಎಳೆದು ತೆಗೆಯಬೇಕಾಗಿ ಬಂದು 2 ಜನ ತೀರಿಕೊಂಡರು. ಅತ್ತ ಇಡೀ 2,915 ಜನರಲ್ಲಿ ರಿಕಾಲ್‌ಗೆ ಕಾರಣವಾದ ದೋಷ ನಿಜವಾಗಿ ಕಾಣಿಸಿಕೊಂಡದ್ದು 3 ಜನರಲ್ಲಿ, ಅವರಿಗೂ ಅದರಿಂದ ಏನೂ ಆಗಿರಲಿಲ್ಲ. ಆ 2 ಜನ ಬದಲಾಯಿಸಿಕೊಳ್ಳದೆ ಇದ್ದಿದ್ದರೆ ಅನ್ನೋ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಅದು ಹಳೆಯ ಕಥೆ ಅಲ್ವಾ ಅಂತ ಕೇಳಬಹುದು. 2010ರಲ್ಲಿ ಅಮೆರಿಕದ 72 ಆಸ್ಪತ್ರೆಗಳ ಇನ್ನೊಂದು ಲೆಕ್ಕ ಬಂತು. ಇದು ಮಾಮೂಲಿ ಬದಲಾವಣೆಗಳದ್ದು, 1,744 ಜನರದ್ದು. ಪೆಟ್ಟಿಗೆ ಮಾತ್ರ ಬದಲಾಯಿಸಿದವರಲ್ಲಿ 6 ತಿಂಗಳೊಳಗೆ ದೊಡ್ಡ ತೊಂದರೆ ಆದದ್ದು ನೂರಕ್ಕೆ 4 ಜನಕ್ಕೆ. ಅದರ ಜೊತೆ ಹೊಸ ಲೀಡ್ ಕೂಡ ಹಾಕಲು ಹೋದವರಲ್ಲಿ ನೂರಕ್ಕೆ 15 ಜನಕ್ಕೆ. ಈ ಎರಡನೆಯ ಅಂಕಿ ನೆನಪಿಡಿ. "ಹೇಗೂ ಬಿಚ್ಚುತ್ತೇವಲ್ಲ, ಜೊತೆಗೆ ಇನ್ನೊಂದು ಲೀಡ್ ಹಾಕಿಬಿಡೋಣ" ಅಂತ ಯಾರಾದರೂ ಹೇಳಿದರೆ, ಅದು ನಿಜವಾಗಿ ಬೇಕೇ ಬೇಕಾ ಅಂತ ಕೇಳಿ.

ಇನ್ನು ರಿಕಾಲ್ ವಿಷಯ. ಎಲ್ಲ ರಿಕಾಲ್‌ಗಳೂ ಒಂದೇ ಥರ ಅಲ್ಲ. 2017ರ ಆಗಸ್ಟ್‌ನಲ್ಲಿ ಅಬಾಟ್ ಕಂಪನಿಯ ಪೇಸ್‌ಮೇಕರ್‌ಗಳಿಗೆ ರಿಕಾಲ್ ಬಂತು, ಅಮೆರಿಕದಲ್ಲೇ ಸುಮಾರು 4,65,000. ಹೊರಗಿನವರು ಅದರ ಸಾಫ್ಟ್‌ವೇರ್‌ಗೆ ನುಗ್ಗಬಹುದು ಅನ್ನೋ ಆತಂಕ. ಪರಿಹಾರ ಏನು? ಆಸ್ಪತ್ರೆಗೆ ಬಂದು ಸುಮಾರು 3 ನಿಮಿಷದ ಸಾಫ್ಟ್‌ವೇರ್ ಅಪ್‌ಡೇಟ್. ಚರ್ಮಕ್ಕೆ ಒಂದು ಗೀರೂ ಇಲ್ಲ. 2007ರ ಅಕ್ಟೋಬರ್‌ನಲ್ಲಿ ಮೆಡ್‌ಟ್ರಾನಿಕ್‌ನ ಸ್ಪ್ರಿಂಟ್ ಫಿಡಲಿಸ್ ಅನ್ನೋ ಲೀಡ್ ಒಳಗೆ ಮುರಿಯುತ್ತದೆ ಅಂತ ಮಾರಾಟ ನಿಲ್ಲಿಸಿದರು. ಅಷ್ಟು ಹೊತ್ತಿಗೆ ಜಗತ್ತಿನಾದ್ಯಂತ ಸುಮಾರು 2,68,000 ಜನಕ್ಕೆ ಹಾಕಿ ಆಗಿತ್ತು. ಆಗಲೂ, ಸರಿಯಾಗಿ ಕೆಲಸ ಮಾಡುತ್ತಿರುವ ಲೀಡನ್ನು ಸುಮ್ನೆ ಎಳೆದು ತೆಗೆಯಬೇಡಿ ಅಂತಲೇ ಸಲಹೆ ಇದ್ದದ್ದು.

ನಿಮ್ಮ ತಂದೆಯವರದಕ್ಕೆ ಹತ್ತಿರವಾದದ್ದು 2016ರ ಅಕ್ಟೋಬರ್‌ನದು. ಸೇಂಟ್ ಜೂಡ್ ಕಂಪನಿಯ ಐಸಿಡಿಗಳ ಬ್ಯಾಟರಿಯೊಳಗೆ ಲಿಥಿಯಂ ಗಂಟುಕಟ್ಟಿ ಶಾರ್ಟ್ ಆಗಿ ಬೇಗ ಖಾಲಿಯಾಗುತ್ತಿತ್ತು. ಕೆಲವರಲ್ಲಿ ಎಚ್ಚರಿಕೆ ಬಂದ ಒಂದೆರಡು ದಿನದಲ್ಲೇ ಬ್ಯಾಟರಿ ಸತ್ತುಹೋಗುತ್ತಿತ್ತು, ಸಾವುಗಳೂ ವರದಿಯಾದವು. ಆದರೂ ಎಲ್ಲರದ್ದೂ ತೆಗೆಯಿರಿ ಅಂತ ಹೇಳಲಿಲ್ಲ. ಹತ್ತಿರದಿಂದ ನೋಡುತ್ತಿರಿ, ಬದಲಾಯಿಸುವ ಸಮಯ ಬಂತು ಅಂತ ಐಸಿಡಿ ಸೂಚನೆ ಕೊಟ್ಟರೆ ಒಂದು ದಿನವೂ ತಡಮಾಡದೆ ಬದಲಾಯಿಸಿ ಅಂತ ಹೇಳಿದರು. ಮಾಮೂಲಿ ಐಸಿಡಿಯಲ್ಲಿ ಆ ಸೂಚನೆ ಬಂದ ಮೇಲೂ ಸಾಮಾನ್ಯವಾಗಿ ಮೂರು ತಿಂಗಳ ಅವಕಾಶ ಇರುತ್ತದೆ. ರಿಕಾಲ್ ಆದ ಬ್ಯಾಟರಿಯಲ್ಲಿ ಆ ಅವಕಾಶ ಇದೆ ಅಂತ ನಂಬಿ ಕೂರುವ ಹಾಗಿಲ್ಲ. ಆದ್ದರಿಂದ ಅಪ್ಪಯ್ಯನ "ಕೊಯ್ಲು ಮುಗಿಯಲಿ" ಮಾತು ಈಗ ಸರಿ, ಸೂಚನೆ ಬಂದ ದಿನದಿಂದ ಸರಿಯಲ್ಲ. ಅವರಿಗೆ ಇದನ್ನು ಸ್ಪಷ್ಟವಾಗಿ ಹೇಳಿಬಿಡಿ.

ಕಂಪನಿಗಳನ್ನು ಕಣ್ಣು ಮುಚ್ಚಿ ನಂಬಿ ಅಂತಲೂ ನಾನು ಹೇಳುವುದಿಲ್ಲ. 2005ರ ಗಲಾಟೆ ಶುರುವಾದದ್ದೇ ಗೈಡೆಂಟ್ ಕಂಪನಿಯ ಐಸಿಡಿಯಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿ 21 ವರ್ಷದ ಕಾಲೇಜು ಹುಡುಗನೊಬ್ಬ ಸತ್ತ ಮೇಲೆ. ದೋಷ ಕಂಪನಿಗೆ 2002ರಲ್ಲೇ ಗೊತ್ತಿತ್ತು. ಹೊಸದಾಗಿ ತಯಾರಿಸುವುದರಲ್ಲಿ ಸರಿಮಾಡಿಕೊಂಡರು, ಹಳೆಯದು ಎದೆಯಲ್ಲಿದ್ದವರಿಗೆ ಮೂರು ವರ್ಷ ಹೇಳಲೇ ಇಲ್ಲ. ಅದು ಅಕ್ಷಮ್ಯ. ರೋಗಿಗೆ ತಿಳಿಸಬೇಕು, ತಿಳಿದ ಮೇಲೆ ನಿರ್ಧಾರ ರೋಗಿ ಮತ್ತು ವೈದ್ಯರು ಸೇರಿ ಮಾಡಬೇಕು. ನಿಮ್ಮ ಆಸ್ಪತ್ರೆಯವರು ತಾವಾಗಿಯೇ ಫೋನ್ ಮಾಡಿ ಹೇಳಿದ್ದು ಒಳ್ಳೆಯ ಲಕ್ಷಣ.

ಈಗ ನೀವು ಬರೆಯದ ವಿಷಯಗಳಿಗೆ ಬರುತ್ತೇನೆ. ಐಸಿಡಿ ಎರಡು ಕೆಲಸ ಮಾಡುತ್ತದೆ. ಹೃದಯ ಅಡ್ಡಾದಿಡ್ಡಿ ಓಡಿದಾಗ ಶಾಕ್ ಕೊಟ್ಟು ಸರಿಮಾಡುವುದು ಒಂದು, ತೀರಾ ನಿಧಾನ ಆದಾಗ ಪೇಸ್‌ಮೇಕರ್ ಥರ ಬಡಿಸುವುದು ಇನ್ನೊಂದು. ನಿಮ್ಮ ತಂದೆಯವರ ಹೃದಯ ಸ್ವಂತವಾಗಿ ಬಡಿಯುತ್ತಿದೆಯಾ, ಅಥವಾ ಪ್ರತಿ ಬಡಿತಕ್ಕೂ ಐಸಿಡಿಯನ್ನೇ ನೆಚ್ಚಿಕೊಂಡಿದೆಯಾ? ಚೆಕಪ್ ರಿಪೋರ್ಟ್‌ನಲ್ಲಿ "ಪೇಸಿಂಗ್" ಅಂತ ಪರ್ಸೆಂಟ್‌ನಲ್ಲಿ ಬರೆದಿರುತ್ತಾರೆ. ಅದು ಸೊನ್ನೆಯೋ ಒಂದೋ ಇದ್ದರೆ, ಬ್ಯಾಟರಿ ಅಕಸ್ಮಾತ್ ನಿಂತರೂ ಹೃದಯ ನಿಲ್ಲುವುದಿಲ್ಲ, ಆ ಹೊತ್ತಿಗೆ ಶಾಕ್‌ನ ರಕ್ಷಣೆ ಮಾತ್ರ ಇರುವುದಿಲ್ಲ. ಅದೇ 100ರ ಹತ್ತಿರ ಇದ್ದು, ಯಂತ್ರ ಬಿಟ್ಟರೆ ಸ್ವಂತ ಬಡಿತವೇ ಇಲ್ಲ ಅಂತ ವೈದ್ಯರು ಹೇಳಿದರೆ ಕಥೆ ಬೇರೆ, ಆಗ ನಾನೂ ನಿಮ್ಮ ತಮ್ಮನ ಪಕ್ಷವೇ.

2006ರಲ್ಲಿ ಅಮೆರಿಕದ ವೈದ್ಯರು ಇದೇ ಪ್ರಶ್ನೆಗೆ ಲೆಕ್ಕ ಹಾಕಿ ನೋಡಿದ್ದಾರೆ. ಪೇಸ್‌ಮೇಕರ್ ಮೇಲೆಯೇ ಪೂರ್ತಿ ಬದುಕಿರುವವರಿಗೆ, ದೋಷ ಕಾಣಿಸಿಕೊಳ್ಳುವ ಸಾಧ್ಯತೆ ಸಾವಿರಕ್ಕೆ 3 ದಾಟಿದರೂ ಬಹುಪಾಲು ಬದಲಾಯಿಸುವುದೇ ಒಳ್ಳೆಯದು. ಐಸಿಡಿ ಇರುವ ಹೆಚ್ಚಿನವರಿಗೆ ಅದು ನೂರಕ್ಕೆ 3 ದಾಟಬೇಕು. ಪದೇಪದೇ ಅಪಾಯಕಾರಿ ಬಡಿತ ಬರುವವರಿಗೆ, ಅಥವಾ ಐಸಿಡಿಯ ಜೊತೆ ಪೇಸಿಂಗ್ ಕೂಡ ಬೇಕೇ ಬೇಕಾದವರಿಗೆ ನೂರಕ್ಕೆ 1ರ ಹತ್ತಿರಕ್ಕೆ ಇಳಿಯುತ್ತದೆ. ನಿಮ್ಮ ತಂದೆಯವರಿಗೆ 4 ವರ್ಷದಲ್ಲಿ ಒಂದೂ ಶಾಕ್ ಬೇಕಾಗಿಲ್ಲ. ಮುಂದೆಯೂ ಬೇಡ ಅಂತ ಅಲ್ಲ, ಆದರೆ ಸದ್ಯಕ್ಕೆ ಅವರು ಕಡಿಮೆ ಅಪಾಯದ ಗುಂಪಿನಲ್ಲಿದ್ದಾರೆ. ಹಾಗಾಗಿ ವೈದ್ಯರನ್ನು ನೇರವಾಗಿ ಕೇಳಿ: ಪೇಸಿಂಗ್ ಎಷ್ಟು, ಶಾಕ್ ಬೇಕಾಗುವಂಥ ಬಡಿತ ಒಳಗೆ ದಾಖಲಾಗಿದೆಯಾ, ಕಂಪನಿ ಹೇಳುವ ಪ್ರಕಾರ ಸಾವಿರದಲ್ಲಿ ಎಷ್ಟು ಕೆಡುತ್ತಿವೆ, ಬ್ಯಾಟರಿ ಇನ್ನೆಷ್ಟು ವರ್ಷ ತೋರಿಸುತ್ತಿದೆ. ಕೊನೆಯದು ಯಾಕೆ ಅಂದರೆ, ಹೇಗೂ ಒಂದು ವರ್ಷದಲ್ಲಿ ಮುಗಿಯುವುದಿದ್ದರೆ ಸ್ವಲ್ಪ ಮುಂಚೆ ಬದಲಾಯಿಸಿದರೆ ನಷ್ಟವಿಲ್ಲ. ಇನ್ನೂ ಐದು ವರ್ಷ ಇದ್ದರೆ, ಈಗ ಬಿಚ್ಚುವುದು ಅಂದರೆ ಜೀವಮಾನದಲ್ಲಿ ಒಂದು ಆಪರೇಷನ್ ಜಾಸ್ತಿ ಮಾಡಿಸಿದ ಹಾಗೆ.

ಇದಕ್ಕೂ ಮುಂಚೆ ಒಂದು ಸಣ್ಣ ಕೆಲಸ. ಆಪರೇಷನ್ ಆದಾಗ ಕೊಟ್ಟ ಗುರುತಿನ ಕಾರ್ಡ್ ಹುಡುಕಿ. ಅದರಲ್ಲಿ ಮಾದರಿಯ ಜೊತೆ ಸೀರಿಯಲ್ ನಂಬರ್ ಇರುತ್ತದೆ. ಮಾದರಿ ಒಂದೇ ಆದರೂ ಕೆಲವು ಸಲ ನಿರ್ದಿಷ್ಟ ಅವಧಿಯಲ್ಲಿ ತಯಾರಾದವು ಮಾತ್ರ ರಿಕಾಲ್ ಪಟ್ಟಿಯಲ್ಲಿರುತ್ತವೆ. ಸೀರಿಯಲ್ ನಂಬರ್ ಹಾಕಿ ನೋಡಿದ್ದೀರಾ ಅಂತ ಆಸ್ಪತ್ರೆಯವರನ್ನು ಕೇಳಿ.

ಕಾಯೋದು ಅಂತಾದರೆ ಅದನ್ನು ಸರಿಯಾಗಿ ಕಾಯಬೇಕು. ನಮ್ಮ ಮಲೆನಾಡಿನಲ್ಲಿ ತೊಡಕು ಇರೋದೇ ಇಲ್ಲಿ. ಮನೆಯಲ್ಲಿ ಇಡುವ ಮಾನಿಟರ್ ಬರುತ್ತದೆ, ಮಂಚದ ಪಕ್ಕ ಇಟ್ಟರೆ ರಾತ್ರಿ ಐಸಿಡಿಯಿಂದ ಮಾಹಿತಿ ತೆಗೆದುಕೊಂಡು ಮೊಬೈಲ್ ನೆಟ್‌ವರ್ಕ್ ಮೂಲಕ ಆಸ್ಪತ್ರೆಗೆ ಕಳಿಸುತ್ತದೆ. ಬೆಂಗಳೂರಿನಲ್ಲಿ ಕೂತು ಇದನ್ನು ಹೇಳೋದು ಸುಲಭ. ತೋಟದ ಮಧ್ಯದ ಮನೆಯಲ್ಲಿ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು, ಆಷಾಢದ ಗಾಳಿ ಮಳೆಗೆ ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ. ಮಾನಿಟರ್ ಕೊಡುತ್ತೇವೆ ಅಂದರೆ ತೆಗೆದುಕೊಳ್ಳಿ, ಆದರೆ ಅದು ನಿಜವಾಗಿ ಮಾಹಿತಿ ಕಳಿಸುತ್ತಿದೆಯಾ ಅಂತ ವಾರ ಬಿಟ್ಟು ಆಸ್ಪತ್ರೆಗೆ ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ಕಳಿಸುತ್ತಿಲ್ಲ ಅಂದರೆ ಅದನ್ನು ನೆಚ್ಚಬೇಡಿ, ಚೆಕಪ್‌ಗೇ ಹೋಗಿ. ಪ್ರತಿ ಸಲ ಆಗುಂಬೆ ಘಾಟಿ ಇಳಿಯಲೇಬೇಕು ಅಂತಿಲ್ಲ. ಐಸಿಡಿ ಪರೀಕ್ಷಿಸುವ ಯಂತ್ರ, ನಾವು ಪ್ರೋಗ್ರಾಮರ್ ಅನ್ನುತ್ತೇವೆ, ಆಯಾ ಕಂಪನಿಯದ್ದೇ ಬೇಕು. ನಿಮ್ಮ ಕಂಪನಿಯ ತಂತ್ರಜ್ಞರು ಶಿವಮೊಗ್ಗಕ್ಕೆ ಬಂದು ಚೆಕಪ್ ಮಾಡುತ್ತಾರಾ, ಯಾವ ದಿನ, ಅಂತ ಈಗಲೇ ವಿಚಾರಿಸಿಟ್ಟುಕೊಳ್ಳಿ. ಜೂನ್‌ನಿಂದ ಆಗಸ್ಟ್‌ವರೆಗಿನ ತಾರೀಕುಗಳನ್ನು ಮುಂಚಿತವಾಗಿ ಗೊತ್ತುಮಾಡಿಕೊಂಡರೆ, ಗುಡ್ಡ ಕುಸಿದು ರಸ್ತೆ ಬಂದ್ ಆದಾಗ ಪರದಾಡುವುದು ತಪ್ಪುತ್ತದೆ.

ಇನ್ನೊಂದು ಮುಖ್ಯವಾದದ್ದು, ಐಸಿಡಿಯ ಸ್ವಂತ ಎಚ್ಚರಿಕೆ. ಬ್ಯಾಟರಿ ಇಳಿದರೆ ಕೆಲವು ಕಂಪನಿಯವು ಎದೆಯೊಳಗೆ ಮೊಬೈಲ್ ಥರ ಅದುರುತ್ತವೆ, ಕೆಲವು ದಿನಕ್ಕೊಮ್ಮೆ ನಿಗದಿ ಹೊತ್ತಿಗೆ ಬೀಪ್ ಅನ್ನುತ್ತವೆ. ತುಂಬಾ ಜನಕ್ಕೆ ಇದು ಗೊತ್ತೇ ಇರುವುದಿಲ್ಲ. ಮುಂದಿನ ಚೆಕಪ್‌ನಲ್ಲಿ ಅದನ್ನು ಒಮ್ಮೆ ಮಾಡಿ ತೋರಿಸಿ ಅಂತ ಕೇಳಿ, ಪ್ರೋಗ್ರಾಮರ್‌ನಿಂದ ತೋರಿಸಲು ಬರುತ್ತದೆ. ಆಗ ಅಪ್ಪಯ್ಯನ ಜೊತೆ ಅಮ್ಮನೂ ಇರಲಿ. ಕಿವಿ ಮಂದವಾಗಿರುವ ಹಿರಿಯರಿಗೆ, ಅದರಲ್ಲೂ ಹೊರಗೆ ಶೀಟಿನ ಮೇಲೆ ಮಳೆ ಹೊಡೆಯುತ್ತಿರುವಾಗ, ಆ ಸಣ್ಣ ಬೀಪ್ ಕೇಳಿಸುವುದಿಲ್ಲ. ಶಬ್ದ ಬರುವ ಹೊತ್ತನ್ನು ಮನೆ ನಿಶ್ಶಬ್ದವಾಗಿರುವ ಸಮಯಕ್ಕೆ ಬದಲಾಯಿಸಲು ಆಗುತ್ತದಾ ಅಂತಲೂ ಕೇಳಿ. ಅದುರಿದರೆ ಅಥವಾ ಬೀಪ್ ಬಂದರೆ ಅದೇ ದಿನ ಫೋನ್, ಮರುದಿನ ಅಂತ ಇಟ್ಟುಕೊಳ್ಳಬೇಡಿ. ಒಂದು ಶಾಕ್ ಹೊಡೆದು ಆಮೇಲೆ ಆರಾಮಾಗಿದ್ದರೆ ವೈದ್ಯರಿಗೆ ತಿಳಿಸಿ. ಎರಡೋ ಮೂರೋ ಹೊಡೆದರೆ, ಅಥವಾ ತಲೆ ಸುತ್ತಿ ಬಿದ್ದರೆ, 108 ಕರೆಸಿ ಹತ್ತಿರದ ಆಸ್ಪತ್ರೆಗೆ ಹೊರಡಿ. ಹೆದರಿಕೊಂಡು ಐಸಿಡಿಯನ್ನು ಆಫ್ ಮಾಡಿಸುವ ಯೋಚನೆ ಬೇಡ, ಅದರ ಮೇಲೆ ಆಯಸ್ಕಾಂತ ಇಡಬೇಡಿ. ಆಯಸ್ಕಾಂತ ಇದ್ದಷ್ಟು ಹೊತ್ತು ಸಾಮಾನ್ಯವಾಗಿ ಶಾಕ್ ಬರುವುದಿಲ್ಲ.

ಬದಲಾಯಿಸಲೇಬೇಕು ಅಂತ ತೀರ್ಮಾನ ಆದರೆ, ಆಗ ಮಾಡಬೇಕಾದದ್ದು ಅಪಾಯ ಇಳಿಸುವ ಕೆಲಸ. ಜ್ವರ ಇದ್ದಾಗ ಬೇಡವೇ ಬೇಡ. ಮಳೆಗಾಲದಲ್ಲಿ ತೋಟಕ್ಕೆ ಹೋಗುವವರ ಕಾಲು ನೋಡಿ, ಬೆರಳ ಸಂದಿ ಕೊಳೆತಿರುತ್ತದೆ, ಜಿಗಣೆ ಕಚ್ಚಿದ ಜಾಗ ಕೆರೆದು ಹುಣ್ಣಾಗಿರುತ್ತದೆ. ರೋಗಾಣು ಅಲ್ಲಿಂದಲೂ ರಕ್ತಕ್ಕೆ ಸೇರಬಹುದು. ಅದನ್ನು ವಾಸಿ ಮಾಡಿಕೊಂಡು ಹೋಗಿ. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಗೆ ತನ್ನಿ. ರಕ್ತ ತೆಳು ಮಾಡುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಹಿಂದೆ ವಾರ್ಫರಿನ್ ನಿಲ್ಲಿಸಿ ಹೆಪಾರಿನ್ ಇಂಜೆಕ್ಷನ್ ಕೊಡುತ್ತಿದ್ದರು. 2013ರ ಒಂದು ಅಧ್ಯಯನದಲ್ಲಿ ಹಾಗೆ ಮಾಡಿದವರಲ್ಲಿ ನೂರಕ್ಕೆ 16 ಜನಕ್ಕೆ ಗಾಯದೊಳಗೆ ರಕ್ತ ಕಟ್ಟಿಕೊಂಡಿತು, ವಾರ್ಫರಿನ್ ಮುಂದುವರಿಸಿದವರಲ್ಲಿ ನೂರಕ್ಕೆ 3ರಿಂದ 4 ಜನಕ್ಕೆ ಮಾತ್ರ. ರಕ್ತ ಕಟ್ಟಿದವರಲ್ಲಿ ಮುಂದೆ ಇನ್‌ಫೆಕ್ಷನ್ ಅಪಾಯ ಏಳು ಪಟ್ಟಿಗೂ ಜಾಸ್ತಿ ಅಂತ ಆಮೇಲೆ ಗೊತ್ತಾಯಿತು. ಆಂಟಿಬಯೋಟಿಕ್ ಸವರಿದ ಬಲೆಯಂಥ ಚೀಲದೊಳಗೆ ಐಸಿಡಿ ಇಟ್ಟು ಹೂಳುವ ವಿಧಾನವೂ ಇದೆ. ಸುಮಾರು 7,000 ಜನರ ಮೇಲೆ ನಡೆದ 2019ರ ಅಧ್ಯಯನದಲ್ಲಿ ಇದರಿಂದ ದೊಡ್ಡ ಇನ್‌ಫೆಕ್ಷನ್ ನೂರಕ್ಕೆ 1.2ರಿಂದ 0.7ಕ್ಕೆ ಇಳಿಯಿತು. ದುಬಾರಿ, ಆದರೆ ಸಿಗುತ್ತದಾ ಅಂತ ಕೇಳುವುದರಲ್ಲಿ ತಪ್ಪಿಲ್ಲ.

ಆಪರೇಷನ್ ಆದಮೇಲೆ ತಿಂಗಳುಗಟ್ಟಲೆ ಆ ಜಾಗದ ಮೇಲೆ ಕಣ್ಣಿರಲಿ. ಕೆಂಪಾದರೆ, ಬಿಸಿಯಾದರೆ, ಊದಿಕೊಂಡರೆ, ಚರ್ಮ ತೆಳುವಾಗಿ ಹೊಳೆಯಲು ಶುರುವಾದರೆ, ಒಂದು ತೊಟ್ಟು ನೀರು ಜಿನುಗಿದರೂ, ಐಸಿಡಿ ಹಾಕಿದ ವೈದ್ಯರಿಗೇ ತೋರಿಸಿ. ಊದಿದೆ ಅಂತ ಸೂಜಿ ಚುಚ್ಚಿ ನೀರು ತೆಗೆಯಲು ಯಾರಿಗೂ ಬಿಡಬೇಡಿ. ನನ್ನ ಬಳಿ ಬಂದ ಒಬ್ಬ ಹಿರಿಯ ಮಹಿಳೆಗೆ ಹೀಗೇ ಆಗಿತ್ತು, ಒಳಗೆ ಇದ್ದದ್ದು ಬರೀ ಕಟ್ಟಿದ ರಕ್ತ, ತಾನಾಗೇ ಕರಗುತ್ತಿತ್ತು. ಸೂಜಿಯ ಜೊತೆ ರೋಗಾಣು ಒಳಗೆ ಹೋಗಿ ಕೀವಾಯಿತು, ಕೊನೆಗೆ ಎಲ್ಲವನ್ನೂ ತೆಗೆಸಬೇಕಾಯಿತು. ನಾಟಿ ಮದ್ದು ಅರೆದು ಹಚ್ಚುವುದು, ಶಾಖ ಕೊಡುವುದು ಬೇಡ. ಮೆಡಿಕಲ್ ಶಾಪಿನಿಂದ ಆಂಟಿಬಯೋಟಿಕ್ ತಂದು ನುಂಗುವುದೂ ಬೇಡ, ಅದು ರೋಗವನ್ನು ಮುಚ್ಚಿಡುತ್ತದೆ, ವಾಸಿ ಮಾಡುವುದಿಲ್ಲ.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ರಿಕಾಲ್ ಕಾರಣಕ್ಕೆ ಬದಲಾಯಿಸಬೇಕಾದರೆ ಹೊಸ ಐಸಿಡಿಯನ್ನು ಕಂಪನಿ ಕೊಡುತ್ತದಾ, ಆಸ್ಪತ್ರೆಯ ಖರ್ಚಿನಲ್ಲಿ ಎಷ್ಟು ಭರಿಸುತ್ತದೆ ಅಂತ ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನ ಭರವಸೆ ಸಾಲದು. ಆಯುಷ್ಮಾನ್ ಕಾರ್ಡ್ ಇದ್ದರೆ ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಅಡ್ಮಿಟ್ ಆಗುವ ಮುಂಚೆಯೇ ಮಾತಾಡಿ. ತೆಗೆದ ಹಳೆಯ ಐಸಿಡಿ ಕಸಕ್ಕೆ ಹೋಗಬಾರದು, ಪರೀಕ್ಷೆಗೆ ಕಂಪನಿಗೆ ಹೋಗಬೇಕು, ಅದರ ವರದಿ ನಿಮಗೂ ಬೇಕು ಅಂತ ಹೇಳಿ. ಇಂಥ ಉಪಕರಣಗಳ ದೋಷ ದಾಖಲಿಸಲು ನಮ್ಮ ದೇಶದಲ್ಲೂ 2015ರಿಂದ ಮಟೀರಿಯೋವಿಜಿಲೆನ್ಸ್ ಅನ್ನೋ ಸರ್ಕಾರಿ ವ್ಯವಸ್ಥೆ ಇದೆ, ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ನಡೆಸುತ್ತದೆ. ದೋಷ ಕಂಡರೆ ಅಲ್ಲಿಗೆ ವರದಿ ಕಳಿಸಿ ಅಂತ ನಿಮ್ಮ ವೈದ್ಯರನ್ನು ಕೇಳಿಕೊಳ್ಳಿ. ದಾಖಲಾದರೆ ಮುಂದಿನವರಿಗೆ ಬೇಗ ಗೊತ್ತಾಗುತ್ತದೆ.

ಸದ್ಯಕ್ಕೆ ಕೊನೆಯ ಚೆಕಪ್‌ನ ಪ್ರಿಂಟ್‌ಔಟ್ ಮತ್ತು ಆ ಕಾರ್ಡಿನ ಎರಡೂ ಬದಿಯ ಫೋಟೋ ತೆಗೆದು ತಮ್ಮನಿಗೂ ಕಳಿಸಿ, ಮುಂದಿನ ಭೇಟಿಯಲ್ಲಿ ಅವರನ್ನೂ ಫೋನಿನಲ್ಲಿ ಸೇರಿಸಿಕೊಂಡು ವೈದ್ಯರ ಜೊತೆ ಮಾತಾಡಿ. ಪೇಸಿಂಗ್ ಅಂಕಿ 90ಕ್ಕಿಂತ ಮೇಲಿದ್ದರೆ ಆ ಮೂರು ತಿಂಗಳು ಕಾಯಬೇಡಿ, ಈ ವಾರವೇ ಹೋಗಿ.